ವಿಹಾರನೌಕೆಯ ಆತಿಥ್ಯ

ಒಂದು ಊರಿನಿಂದ ಇನ್ನೊಂದು ಊರನ್ನು ಸೇರುವ ಸಲುವಾಗಿ ಹಡಗನ್ನೇರುವುದು ಪ್ರಯಾಣ. ಹಡಗಿನಲ್ಲಿ ಇರುವ ಸಲುವಾಗಿಯೇ ಹಡಗನ್ನೇರುವುದು ವಿಹಾರ. ಹೊರಟ ರೇವಿಗೇ ಮರಳಿ ಬಂದು ನಿಲ್ಲುವ, ನಡುವೆ ಮೂರು ನಾಲ್ಕು ಊರುಗಳನ್ನು ತೋರಿಸಿ ಕರೆತರುವ ಹಡಗುಗಳನ್ನು ಆಂಗ್ಲರು ಕ್ರೂಸ್ ಹಡಗುಗಳೆಂದು ಕರೆಯುವರು. ನಾವು ವಿಹಾರನೌಕೆಗಳೆಂದರೆ ಸರಿಹೋದೀತು. ಈ ವಿಹಾರವು ಈಗ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆತಾಯಿಗಳು ಮಕ್ಕಳೊಡನೆ ಒಂದು ವಾರ ಕಡಲ ಮೇಲಿದ್ದು ಬರುವುದು ನಮ್ಮವರಲ್ಲಿಯೂ ವಾಡಿಕೆಯಾಗುತ್ತಿದೆ. ೨೦೨೧ರಲ್ಲಿ ಮುಂಬಯಿಯಿಂದಲೇ ಗೋವೆ, ಲಕ್ಷದ್ವೀಪಗಳ ಕಡೆಗೆ ವಿಹಾರನೌಕೆ ಹೊರಡಲಾರಂಭಿಸಿತು. ಆದಕಾರಣ ಈ ಹಡಗುಗಳಲ್ಲಿ ಕಣ್ಣಿಗೆ ಹಬ್ಬವಾಗುವುದೇನು, ಕೈಚೀಲಕ್ಕೆ ಹೊರೆಯಾಗುವುದೇನು ಎಂಬುದನ್ನು ಕಂಡಷ್ಟು ಮಟ್ಟಿಗೆ ಬರೆದರೆ ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ನಂಬಿದ್ದೇನೆ.

ಈ ವಿಹಾರದ ಚರಿತ್ರೆ ಬಹಳ ಹಳೆಯದೇನೂ ಅಲ್ಲ. ನಮ್ಮ ದೇಶಕ್ಕೆ ಅಂಚೆಯನ್ನೂ ಅಧಿಕಾರಿಗಳನ್ನೂ ಹೊತ್ತು ತರುತ್ತಿದ್ದ ಪಿ ಅಂಡ್ ಓ ಸಂಸ್ಥೆಯವರು ೧೮೪೪ರಲ್ಲಿ ಮೆಡಿಟರೇನಿಯನ್ ಸಮುದ್ರದ ಸುತ್ತ ಮನೋರಂಜನೆಗಾಗಿ ಪ್ರಯಾಣಗಳನ್ನು ಏರ್ಪಡಿಸಿದರು. ೧೮೯೧ರಲ್ಲಿ ಆಲ್ಬರ್ಟ್ ಬಾಲಿನ್ ಎಂಬ ಜರ್ಮನ್ ವ್ಯಾಪಾರಿಯು ಚಳಿಗಾಲದಲ್ಲಿ ಸುಮ್ಮನೆ ನಿಲ್ಲಬೇಕಾಗಿದ್ದ ದೊಡ್ಡ ಹಡಗೊಂದನ್ನು ದಕ್ಷಿಣದ ಬಿಸಿಲಿನ ಕಡೆಗೆ ಕಳುಹಿಸಿ, ವಿಹಾರವನ್ನು ಲಾಭಕರವಾದ ಉದ್ಯಮವನ್ನಾಗಿ ಮಾಡಿದನು. ಮದ್ಯಕ್ಕೂ ಈ ಹಡಗುಗಳಿಗೂ ನಂಟು ಬೆಳೆದುದು ಅಮೆರಿಕದಲ್ಲಿ. ೧೯೨೦ರಿಂದ ೧೯೩೩ರವರೆಗೆ ಆ ದೇಶದಲ್ಲಿ ಪಾನನಿರೋಧದ ಶಾಸನವು ಜಾರಿಯಲ್ಲಿದ್ದಿತು. ಆಗ ಪರದೇಶದ ಧ್ವಜವನ್ನು ಹಾರಿಸಿದ ಹಡಗುಗಳು ಜನರನ್ನು ಹತ್ತಿಸಿಕೊಂಡು, ಶಾಸನದ ಎಲ್ಲೆಯನ್ನು ದಾಟಿ, ನಡುಗಡಲಿನಲ್ಲಿ ಮದ್ಯವನ್ನು ಮಾರಿ, ಯಾವ ಊರನ್ನೂ ಮುಟ್ಟದೆ ಹಿಂದಿರುಗುತ್ತಿದ್ದುವು. ಅವುಗಳಿಗೆ ‘ಎಲ್ಲಿಗೂ ಹೋಗದ ಯಾತ್ರೆ’ಗಳೆಂದೇ ಹೆಸರಾಗಿತ್ತು. ೧೯೫೮ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ದಾಟಲಾರಂಭಿಸಿದ ಮೇಲೆ, ಪ್ರಯಾಣಕ್ಕೆಂದು ಹಡಗನ್ನೇರುವವರು ಕಡಿಮೆಯಾದರು. ಹಡಗುಗಳು ಬದುಕಬೇಕಾದರೆ ವಿಹಾರವೊಂದೇ ದಾರಿಯಾಯಿತು. ೧೯೬೬ರಲ್ಲಿ ಮಯಾಮಿ ರೇವಿನಿಂದ ಆರಂಭವಾದ ಕೆರಿಬಿಯನ್ ವಿಹಾರಗಳು ಅಲ್ಲಿಂದಾಚೆಗೆ ವರ್ಷದಿಂದ ವರ್ಷಕ್ಕೆ ಬೆಳೆದುವು.

ಆ ಮಯಾಮಿ ರೇವನ್ನು ನೋಡಿಯೇ ತಿಳಿಯಬೇಕು. ಊರಿಗೂ ಕಡಲಿಗೂ ನಡುವೆ ಡಾಡ್ಜ್ ದ್ವೀಪವೆಂಬ ಉದ್ದನೆಯ ನಡುಗಡ್ಡೆಯುಂಟು. ಅದರ ಅಂಚಿನಲ್ಲಿ ಬಿಳಿಯ ಹಡಗುಗಳು ಒಂದರ ಹಿಂದೊಂದು, ರಥಬೀದಿಯಲ್ಲಿ ತೇರುಗಳು ನಿಂತ ಹಾಗೆ ನಿಂತಿರುತ್ತವೆ. ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಅಳತೆ ೪೬,೩೨೮ ಟನ್ನುಗಳು. ಆಗ ಅದೇ ಲೋಕದಲ್ಲೆಲ್ಲ ದೊಡ್ಡದು. ೨೦೨೪ರ ಜನವರಿಯಲ್ಲಿ ಇದೇ ರೇವಿನಿಂದ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬುದರ ಅಳತೆ ೨,೪೮,೬೬೩ ಟನ್ನುಗಳು. ಅದರಲ್ಲಿ ೭,೬೦೦ ಪ್ರಯಾಣಿಕರೂ ೨,೩೫೦ ಕೆಲಸಗಾರರೂ ಇರಬಹುದು. ನಮ್ಮಲ್ಲಿ ಒಂದು ಹೋಬಳಿಯ ಊರಿನಷ್ಟು ಜನರು ಒಂದೇ ಹಡಗಿನಲ್ಲಿ! ಸಂಜೆಯ ಹೊತ್ತಿಗೆ ಇಂಥ ನಾಲ್ಕೈದು ಹಡಗುಗಳು ಒಂದೊಂದಾಗಿ ಕಿರಿದಾದ ಕಾಲುವೆಯಲ್ಲಿ ಸಾಗಿ ಕಡಲನ್ನು ಸೇರುವಾಗ, ದಡದಲ್ಲಿರುವವರು ಕೈಬೀಸುತ್ತಾರೆ, ಹಡಗಿನಲ್ಲಿರುವವರೂ ಕೈಬೀಸುತ್ತಾರೆ. ಪರಿಚಯವಿಲ್ಲದವರಿಗೆ ಶುಭವನ್ನು ಕೋರುವ ಆ ನೋಟವು ನಿಜವಾಗಿಯೂ ಮನೋಹರವಾದುದು.

ನಾನೂ ನನ್ನ ಪತ್ನಿಯೂ ಮಗಳು ಅಳಿಯಂದಿರೊಡನೆ ಇಂಥದೊಂದು ಹಡಗಿನಲ್ಲಿ ಏಳು ರಾತ್ರಿ ಕಳೆದೆವು. ಹಡಗಿನ ಹೆಸರು ಇಲ್ಲಿ ಅನಾವಶ್ಯಕ; ಹಲವು ಹಡಗುಗಳ ರೀತಿಯೂ ಹೀಗೆಯೇ ಎಂದು ಅನುಭವಸ್ಥರು ಹೇಳುವರು. ಹತ್ತುವಾಗ ಪ್ರತಿಯೊಬ್ಬರಿಗೂ ಒಂದು ಕಾರ್ಡು ದೊರೆಯುತ್ತದೆ. ಅದೇ ಕೋಣೆಯ ಬೀಗದ ಕೈ, ಅದೇ ಹಣದ ಥೈಲಿ. ಹಡಗಿನೊಳಗೆ ನಾಣ್ಯ ನೋಟುಗಳ ವ್ಯವಹಾರವಿಲ್ಲ. ಕೈಯಿಂದ ನೋಟು ಜಾರುವಾಗ ಮನುಷ್ಯನಿಗೆ ಎಚ್ಚರವಾಗುವುದುಂಟು. ಕಾರ್ಡನ್ನು ತೋರಿಸಿ ಹಿಂದಕ್ಕೆ ಪಡೆಯುವಾಗ ಏನೂ ಕಳೆದುಕೊಂಡ ಹಾಗೆ ತೋರುವುದಿಲ್ಲ. ಮೇಲಿನ ಅಟ್ಟವನ್ನೇರಿದೊಡನೆ ಹಸನ್ಮುಖನಾದ ಪರಿಚಾರಕನೊಬ್ಬನು ಕೆಂಪು, ಹಳದಿ, ನೀಲಿ ಬಣ್ಣಗಳ ಪಾನೀಯಗಳನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದನು. ಪ್ರತಿ ಲೋಟದಲ್ಲಿಯೂ ಕಾಗದದ ಪುಟ್ಟ ಕೊಡೆ, ಒಂದು ಹೋಳು ಅನಾನಸು. ನೋಡಿದವರು ಸ್ವಾಗತದ ಪಾನಕವೆಂದೇ ತಿಳಿಯಬೇಕು. ಅಳಿಯನು ಮೆಲ್ಲನೆ ಬೆಲೆ ಕೇಳಿದನು: ಹದಿನಾಲ್ಕು ಡಾಲರು, ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಸೇವಾಶುಲ್ಕ, ನೆನಪಿಗೆಂದು ಲೋಟವನ್ನು ಮನೆಗೆ ಒಯ್ಯುವುದಾದರೆ ಇನ್ನೂ ಹೆಚ್ಚು.

ಆ ಮಧ್ಯಾಹ್ನದಿಂದ ಕೊನೆಯ ರಾತ್ರಿಯವರೆಗೆ ಈ ತಟ್ಟೆಯು ನಮ್ಮನ್ನು ಬಿಡಲಿಲ್ಲ. ಈಜುಕೊಳದ ಬಳಿ ಕುಳಿತರೆ ಕಾಲುಗಂಟೆಗೊಮ್ಮೆ ಒಬ್ಬನು ಬಂದು ಕೇಳುವನು. ನಾಟಕಶಾಲೆಯಲ್ಲಿ ತೆರೆಯೇಳುವ ಮೊದಲು ಸಾಲುಸಾಲಾಗಿ ಬಂದು ಕೇಳುವರು. ಊಟದ ಮೇಜಿನಲ್ಲಿ ಭಕ್ಷ್ಯಗಳ ಪಟ್ಟಿಗಿಂತ ಮೊದಲು ಮದ್ಯದ ಪಟ್ಟಿ ಬರುವುದು. ಕೋಣೆಯಲ್ಲಿ ಎರಡು ನೀರಿನ ಸೀಸೆಗಳನ್ನು ಅತಿಥಿಗಾಗಿಯೇ ಇಟ್ಟಂತೆ ಇಟ್ಟಿದ್ದರು. ಅವುಗಳ ಕೊರಳಲ್ಲಿ ಬೆಲೆಯ ಚೀಟಿ ತೂಗುತ್ತಿದ್ದಿತು. ನಮ್ಮ ಪೂಜಾವಿಧಿಯ ಹದಿನಾರು ಉಪಚಾರಗಳಲ್ಲಿ ಮೊದಮೊದಲು ಬರುವುವೇ ನೀರಿನ ಉಪಚಾರಗಳು: ಪಾದ್ಯ, ಅರ್ಘ್ಯ, ಆಚಮನ. ನೀರನ್ನು ಕೊಟ್ಟು ಲೆಕ್ಕ ಬರೆಯುವ ಉಪಚಾರವನ್ನು ನಾನು ಅಲ್ಲಿಯೇ ಮೊದಲು ಕಂಡುದು.

ಮತ್ತೊಂದು ಉಪಾಯವೆಂದರೆ ಪಾನೀಯದ ಪ್ಯಾಕೇಜು. ಇಷ್ಟು ದಿನಕ್ಕೆ ಇಷ್ಟೆಂದು ಮೊದಲೇ ಹಣ ಕಟ್ಟಿದರೆ ಬೇಕಾದಷ್ಟು ಕುಡಿಯಬಹುದು. ಒಬ್ಬನಿಗೆ ದಿನವೊಂದಕ್ಕೆ ಅರವತ್ತರಿಂದ ನೂರು ಡಾಲರುಗಳವರೆಗೂ, ಕೆಲವು ಕಡೆ ಅದಕ್ಕೂ ಮೇಲೆಯೂ ಬೆಲೆಯುಂಟು. ಕೊಟ್ಟ ಹಣ ಗಿಟ್ಟಬೇಕಾದರೆ ದಿನಕ್ಕೆ ಐದಾರು ಲೋಟಗಳನ್ನಾದರೂ ಮುಗಿಸಬೇಕು. ದಿನಕ್ಕೆ ಹದಿನೈದು ಲೋಟಗಳಿಗಿಂತ ಹೆಚ್ಚು ಮದ್ಯವನ್ನು ಕೊಡುವುದಿಲ್ಲವೆಂಬ ಮಿತಿಯನ್ನು ಒಂದು ಪ್ರಸಿದ್ಧ ಸಂಸ್ಥೆಯು ಇಟ್ಟುಕೊಂಡಿದೆ. ಆ ಮಿತಿಯನ್ನು ಕೇಳಿದರೇ ಉಳಿದುದನ್ನು ಊಹಿಸಬಹುದು. ಇದಕ್ಕಿಂತ ವಿಚಿತ್ರವಾದ ನಿಯಮವೊಂದುಂಟು. ಒಂದು ಕೋಣೆಯಲ್ಲಿರುವ ವಯಸ್ಕರಲ್ಲಿ ಒಬ್ಬನು ಪ್ಯಾಕೇಜನ್ನು ಕೊಂಡರೆ ಉಳಿದವರೂ ಕೊಳ್ಳಬೇಕೆಂಬುದು ಹಲವು ಸಂಸ್ಥೆಗಳ ಕಟ್ಟಳೆ. ಗಂಡನು ಕುಡಿಯುವವನು, ಹೆಂಡತಿ ಮುಟ್ಟದವಳು ಎಂದರೆ, ಆಕೆಯ ವ್ರತಕ್ಕೂ ದಂಡ ಬೀಳುವುದು.

ಈ ಗದ್ದಲದ ಹೊರಗೆ ಕಡಲಿದ್ದಿತು, ಊರುಗಳಿದ್ದುವು. ಮೆಕ್ಸಿಕೊ ದೇಶದ ಕೊಸುಮೆಲ್ ದ್ವೀಪದಲ್ಲಿ ನೀರು ಎಷ್ಟು ತಿಳಿಯೆಂದರೆ, ಹಡಗುಕಟ್ಟೆಯ ಮೇಲೆ ನಿಂತರೆ ಕೆಳಗಣ ಮರಳಿನ ಗೆರೆಗಳು ಕಾಣುವುವು. ಆ ದ್ವೀಪದ ನಡುವೆ ಸಾನ್ ಹೆರ್ವಾಸಿಯೊ ಎಂಬಲ್ಲಿ ಮಾಯಾ ಜನರ ಹಳೆಯ ದೇವಸ್ಥಾನಗಳ ಅವಶೇಷಗಳಿವೆ. ಪ್ರಸವವನ್ನು ಕಾಯುವ ಈಷ್ಚೆಲ್ ದೇವಿಯ ದರ್ಶನಕ್ಕೆ ಸ್ತ್ರೀಯರು ದೋಣಿಗಳಲ್ಲಿ ಕಡಲನ್ನು ದಾಟಿ ಬರುತ್ತಿದ್ದರಂತೆ. ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯಿಲ್ಲ. ದೂರದಲ್ಲಿ ಲಂಗರು ಹಾಕಿ ಜನರನ್ನು ಸಣ್ಣ ಹಡಗುಗಳಲ್ಲಿ ದಡ ಸೇರಿಸುತ್ತಾರೆ. ಜಮೈಕದ ಫಾಲ್ಮತ್ ರೇವಿನಲ್ಲಿ ಹಳೆಯ ಇಂಗ್ಲಿಷ್ ಕಾಲದ ಮನೆಗಳೂ ಸಕ್ಕರೆಯ ವ್ಯಾಪಾರದಿಂದ ಬೆಳೆದ ಬೀದಿಗಳೂ ಇವೆ.

ಹಡಗಿನಲ್ಲಿ ಮುಂದೆ ಹಿಡಿಯುವ ಬಟ್ಟಲಿನ ಮೂಲವು ಇರುವುದು ಈ ಬೀದಿಗಳಲ್ಲಿಯೇ. ಕೆರಿಬಿಯನ್ ದ್ವೀಪಗಳ ಪ್ರಸಿದ್ಧ ಮದ್ಯವಾದ ರಮ್ ಎಂಬುದು ಕಬ್ಬಿನ ಕಾಕಂಬಿಯಿಂದ ಆಗುವಂಥದು. ಕಬ್ಬನ್ನು ಆ ದ್ವೀಪಗಳಿಗೆ ಒಯ್ದವನು ಕೊಲಂಬಸನು, ೧೪೯೩ರ ತನ್ನ ಎರಡನೆಯ ಯಾತ್ರೆಯಲ್ಲಿ. ಕಬ್ಬಿನ ರಸವನ್ನು ಹರಳುಗಟ್ಟಿಸುವ ವಿದ್ಯೆಯಾದರೋ ನಮ್ಮ ದೇಶದ್ದು. ಸಂಸ್ಕೃತದ ಶರ್ಕರಾ ಶಬ್ದವೇ ಪಾರಸಿ ಅರಬ್ಬಿಗಳ ಮೂಲಕ ಪಡುವಣಕ್ಕೆ ಹೋಗಿ ಷುಗರ್ ಎಂದಾಯಿತು, ಖಂಡ ಎಂಬುದು ಕ್ಯಾಂಡಿಯಾಯಿತು. ಶಬ್ದದ ಹಿಂದೆ ನಮ್ಮ ಜನರೂ ಹೋಗಬೇಕಾಯಿತು. ಆಫ್ರಿಕದಿಂದ ತಂದ ಗುಲಾಮರಿಗೆ ೧೮೩೮ರಲ್ಲಿ ಪೂರ್ಣವಾದ ಬಿಡುಗಡೆ ದೊರೆತ ಮೇಲೆ, ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿ, ಕರಾರಿನ ಕೂಲಿಗಳಾಗಿ ಭಾರತೀಯರನ್ನು ಕರೆತಂದರು. ಅವರ ಮೊದಲನೆಯ ಹಡಗು ಜಮೈಕವನ್ನು ಮುಟ್ಟಿದುದು ೧೮೪೫ರ ಮೇ ೧೦ರಂದು. ಇಷ್ಟು ಬೆವರು ಕಣ್ಣೀರುಗಳ ಸಾರವು ಕಾಗದದ ಕೊಡೆಯ ಕೆಳಗೆ ತಂಪಾಗಿ ಕುಳಿತಿರುವುದನ್ನು ನೆನೆದರೆ ಮನಸ್ಸು ಭಾರವಾಗುವುದು.

ಇನ್ನು ಸೇವೆಯ ಮಾತು. ನಮ್ಮ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಇಂಥ ವಿಹಾರಗಳನ್ನು ಮಾಡುತ್ತಿದ್ದ ವೃದ್ಧ ದಂಪತಿಗಳಿದ್ದರು. ಮೊದಲು ದಿನಕ್ಕೆರಡಾವೃತ್ತಿ ಕೋಣೆಯನ್ನು ಅಣಿಗೊಳಿಸುತ್ತಿದ್ದರು; ಈಗ ಒಂದೇ ಆವೃತ್ತಿ. ಮೊದಲು ರಾತ್ರಿಯ ಊಟಕ್ಕೆ ವಾರವೆಲ್ಲ ಒಂದೇ ಮೇಜು, ಒಬ್ಬನೇ ಪರಿಚಾರಕ. ಎರಡನೆಯ ದಿನಕ್ಕೆ ಅವನು ನಮ್ಮ ರುಚಿಯನ್ನರಿತು ಬಡಿಸುತ್ತಿದ್ದನು. ಈಗ ಮೊಬೈಲಿನಲ್ಲಿ ಸರದಿ ಹಿಡಿದು, ಸಿಕ್ಕಿದ ಮೇಜಿನಲ್ಲಿ ಕೂರಬೇಕು. ಮೊದಲು ಕೋಣೆಗೆ ತಿಂಡಿ ತರಿಸಿದರೆ ಹಣವಿರಲಿಲ್ಲ. ಈಗ ಅದಕ್ಕೂ ದರವುಂಟು. “ಆಗ ನಾವು ಅವರ ಮನೆಗೆ ಬಂದವರು, ಈಗ ಅವರ ಅಂಗಡಿಗೆ ಬಂದವರು” ಎಂದು ಆ ವೃದ್ಧೆ ಹೇಳಿದರು.

ಇದರ ಕಾರಣವು ಲೆಕ್ಕದ ಪುಸ್ತಕದಲ್ಲಿದೆ. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ರೋಗದ ಕಾರಣ ಹಡಗುಗಳು ನಿಂತು, ಸುಮಾರು ಹದಿನೈದು ತಿಂಗಳು ಅಮೆರಿಕದ ರೇವುಗಳಿಂದ ವಿಹಾರಯಾನವೇ ಹೊರಡಲಿಲ್ಲ. ಆ ಕಾಲದಲ್ಲಿ ಸಂಸ್ಥೆಗಳು ಬೆಟ್ಟದಷ್ಟು ಸಾಲ ಮಾಡಿದುವು. ಪ್ರಯಾಣದ ದರವನ್ನು ಏರಿಸಿದರೆ ಜನರು ಬರಲಿಕ್ಕಿಲ್ಲ. ಆದುದರಿಂದ ದರವನ್ನು ಕಡಿಮೆಯಾಗಿ ತೋರಿಸಿ, ಹತ್ತಿದವರಿಂದ ಸ್ವಲ್ಪಸ್ವಲ್ಪವಾಗಿ ಸಂಪಾದಿಸುವ ಮಾರ್ಗವನ್ನು ಹಿಡಿದಿರುವರು. ಈ ಉದ್ಯಮದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಕಾರ್ನಿವಲ್ ಕಾರ್ಪೊರೇಷನ್ನಿಗೆ ೨೦೨೪ರಲ್ಲಿ ಬಂದ ಆದಾಯವು ಸುಮಾರು ೨,೫೦೦ ಕೋಟಿ ಡಾಲರು. ಅದರಲ್ಲಿ ಟಿಕೀಟಿನಿಂದ ಬಂದುದು ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲು ಮದ್ಯ, ಜೂಜು, ಅಂಗಡಿ, ದಡದ ವಿಹಾರ ಮೊದಲಾದುವುಗಳಿಂದ ಬಂದುದು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಆದರೆ ಆ ಹನಿಯನ್ನು ಕೂಡಿಸುವವನು ಯಾರು? ಮೂರನೆಯ ದಿನ, ನಾವು ಕನ್ನಡ ಮಾತನಾಡುವುದನ್ನು ಕೇಳಿ, ತಟ್ಟೆ ಹಿಡಿದ ಹುಡುಗನೊಬ್ಬನು ನಿಂತನು. ಮಲ್ಪೆಯ ಕಡೆಯವನು, ಬೆಸ್ತರ ಮನೆಯ ಮಗ. ತಂದೆಯ ದೋಣಿಯ ಮೇಲಿನ ಸಾಲವನ್ನು ತೀರಿಸಲೆಂದು ಎಂಟು ತಿಂಗಳ ಕರಾರಿಗೆ ಬಂದಿದ್ದನು. ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಕೆಲಸ, ವಾರಕ್ಕೊಂದು ರಜೆಯೆಂಬುದಿಲ್ಲ. ಆರು ಸಲ ಕೊಸುಮೆಲ್ ರೇವಿಗೆ ಬಂದಿದ್ದರೂ ದ್ವೀಪದ ಮಣ್ಣನ್ನು ಒಮ್ಮೆಯೇ ಮೆಟ್ಟಿದ್ದನಂತೆ. ನಾನು ಉಪಾಧ್ಯಾಯನಾಗಿದ್ದೆನೆಂದು ತಿಳಿದ ಮೇಲೆ ಅವನ ಮಾತಿನಲ್ಲಿ ಸಲಿಗೆ ಬಂದಿತು. ಇಷ್ಟು ಸಲ ಬೇಡವೆಂದರೂ ಏಕೆ ಕೇಳುತ್ತೀಯಪ್ಪಾ ಎಂದೆನು.

“ನಾನು ಕೇಳದಿದ್ದರೆ ಮೇಲಿನವರು ನನ್ನನ್ನು ಕೇಳುತ್ತಾರೆ, ಮಾಷ್ಟ್ರೇ. ನೀವು ಬೇಡವೆಂದರೆ ನನಗೆ ಬೇಸರವಿಲ್ಲ. ನಾನು ಕೇಳಿದ್ದು ಅವರಿಗೆ ಕಾಣಬೇಕು, ಅಷ್ಟೆ” ಎಂದನು.

ಪ್ರತಿಯೊಬ್ಬನು ಎಷ್ಟು ಮಾರಿದನೆಂಬುದರ ಪಟ್ಟಿಯು ವಾರವಾರಕ್ಕೂ ಸಿದ್ಧವಾಗುವುದಂತೆ. ಮಾರಾಟದ ಮೇಲಿನ ಸೇವಾಶುಲ್ಕದ ಪಾಲೇ ಅವನ ಸಂಪಾದನೆಯ ಮುಖ್ಯಭಾಗ. ಅಂದಿನಿಂದ ಅವನು ಬಂದು ಕೇಳಿದಾಗಲೆಲ್ಲ ನನ್ನ ಪತ್ನಿ “ಬೇಡ ಮಗಾ, ಕೇಳಿದೆಯಲ್ಲ, ಸಾಕು” ಎನ್ನುತ್ತಿದ್ದಳು. ಅವನು ನಕ್ಕು ಮುಂದಕ್ಕೆ ಹೋಗುತ್ತಿದ್ದನು. ಅತಿಥಿಯೆಂಬ ಶಬ್ದಕ್ಕೆ ತಿಥಿಯನ್ನು ನೋಡದೆ ಬಂದವನೆಂದು ಹಿರಿಯರು ಅರ್ಥ ಹೇಳುವರು. ತಿಥಿಯನ್ನು ಗೊತ್ತುಮಾಡಿ, ಹಣ ಕಟ್ಟಿ ಬಂದ ನಾವು ಆ ಅರ್ಥದಲ್ಲಿ ಅತಿಥಿಗಳಲ್ಲ. ಹಣಕ್ಕೆ ತಕ್ಕ ವ್ಯಾಪಾರ ನಡೆಯಲಿ, ಅದರಲ್ಲಿ ತಪ್ಪಿಲ್ಲ. ಆದರೆ ವ್ಯಾಪಾರಕ್ಕೆ ಆತಿಥ್ಯದ ಮುಖವಾಡವನ್ನು ತೊಡಿಸಿ, ಆ ಮುಖವಾಡದಲ್ಲಿ ಹಗಲಿರುಳು ನಗುವ ಕೆಲಸವನ್ನು ಬಡ ಹುಡುಗರಿಗೆ ಹೊರಿಸುವುದು ಧರ್ಮವಲ್ಲವೆಂದು ನನ್ನ ಅಭಿಪ್ರಾಯ.

ಹೋಗಬೇಡಿರೆಂದು ನಾನು ಹೇಳುವುದಿಲ್ಲ. ರಾತ್ರಿ ಹತ್ತರ ಮೇಲೆ ಹಡಗಿನ ಮುಂಭಾಗದ ಕತ್ತಲಲ್ಲಿ ನಿಂತು ನೋಡಿದ ನಕ್ಷತ್ರಗಳಿಗೆ ಯಾರೂ ಬೆಲೆ ಕೇಳಲಿಲ್ಲ. ಹೋಗುವವರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಟ್ಟರೆ ಸಾಕು. ಟಿಕೀಟಿನ ಬೆಲೆಯೇ ಪೂರ್ತಿ ಬೆಲೆಯಲ್ಲ. ದಿನವಹಿ ಇನಾಮೆಂದು ತಲೆಗೆ ಹದಿನಾರರಿಂದ ಇಪ್ಪತ್ತು ಡಾಲರುಗಳಷ್ಟನ್ನು ಬಿಲ್ಲಿಗೆ ಸೇರಿಸುವುದುಂಟು. ನಾಲ್ವರ ಕುಟುಂಬಕ್ಕೆ ಏಳು ದಿನಗಳಲ್ಲಿ ಇದೇ ಸುಮಾರು ನಾನ್ನೂರೈವತ್ತರಿಂದ ಐನೂರರವತ್ತು ಡಾಲರುಗಳಾಗುವುದು. ಸಾಮಾನ್ಯವಾಗಿ ಕುಡಿಯುವ ನೀರು, ಚಹಾ, ಸಾದಾ ಕಾಫಿ, ನಿಂಬೆಯ ಪಾನಕ ಇವು ಊಟದ ಶಾಲೆಯಲ್ಲಿ ಧರ್ಮಾರ್ಥವಾಗಿ ದೊರೆಯುವುವು. ಖಾಲಿ ಸೀಸೆಯೊಂದನ್ನು ಮನೆಯಿಂದಲೇ ಒಯ್ಯಿರಿ. ಮಕ್ಕಳ ಕಾರ್ಡಿನಲ್ಲಿ ಖರ್ಚು ಮಾಡಲಾಗದಂತೆ ಮೊದಲ ದಿನವೇ ಹೇಳಿ ನಿಲ್ಲಿಸಿರಿ. ಬಿಲ್ಲನ್ನು ಪ್ರತಿರಾತ್ರಿ ನೋಡಿರಿ. ಕೊನೆಯ ಬೆಳಗ್ಗೆ ಸಾವಿರಾರು ಜನರ ಸಾಲಿನಲ್ಲಿ ನಿಂತು ತಕರಾರು ಹೇಳುವುದು ಕಷ್ಟ. ತಟ್ಟೆ ಹಿಡಿದು ಬಂದವನಿಗೆ ಬೇಡವೆನ್ನುವಾಗ ಅವನ ಮುಖವನ್ನು ನೋಡಿ, ನಗುತ್ತ ಬೇಡವೆನ್ನಿರಿ. ಅವನ ಸೇವೆಯು ಮನಸ್ಸಿಗೆ ಬಂದಿದ್ದರೆ, ಇಳಿಯುವ ಹಿಂದಿನ ರಾತ್ರಿ ಒಂದಿಷ್ಟು ಹಣವನ್ನು ಲಕೋಟೆಯಲ್ಲಿಟ್ಟು ಅವನ ಕೈಗೇ ಕೊಡಿರಿ.