ಹದಿನೈದು ಗುಂಜಿಯ ಗಾಳ

ಯಾದಗಿರಿ, ಶಹಾಪುರ, ಸುರಪುರಗಳ ಹೆಸರನ್ನು ಕೇಳಿದೊಡನೆ ದೂರದ ಊರಿನವರಿಗೆ ನೆನಪಾಗುವುದು ಬಿಸಿಲು. ಬಿಸಿಲೇನೋ ಅಲ್ಲಿ ಧಾರಾಳವಾಗಿಯೇ ಉಂಟು. ಆದರೆ ಆ ನಾಡಿನ ಒಂದು ಮಗ್ಗುಲಲ್ಲಿ ಭೀಮೆಯೂ ಮತ್ತೊಂದು ಮಗ್ಗುಲಲ್ಲಿ ಕೃಷ್ಣೆಯೂ ಹರಿಯುತ್ತಿರುವುವೆಂಬುದನ್ನು ನಾವು ಮರೆಯುತ್ತೇವೆ. ಈ ಎರಡು ಹೊಳೆಗಳ ನಡುವಣ ನೆಲದಲ್ಲಿ, ಹೋದ ದಸರೆಯ ರಜೆಯಲ್ಲಿ, ನಾವು ಗಾಳದ ಕೋಲೊಂದನ್ನು ಹಿಡಿದು ಮೂರು ದಿನ ತಿರುಗಿದೆವು. ಮೀನನ್ನು ಮುಟ್ಟದ ವಾಚಕರು ಈ ಲೇಖನವನ್ನು ಕೆಳಗಿಡಬೇಕಾದುದಿಲ್ಲ. ಮೂರು ದಿನದಲ್ಲಿ ನಮಗೆ ಸಿಕ್ಕಿದ್ದು ಒಂದೇ ಮೀನು. ಉಳಿದುದೆಲ್ಲ ಬೇರೆ ಲಾಭ.

ಯಾದಗಿರಿಯಲ್ಲಿ ನಮ್ಮ ಅಕ್ಕನ ಮನೆ. ಆಕೆಯ ಮಗನಿಗೆ ಹದಿನಾಲ್ಕು ವರ್ಷ. ಅಮೇರಿಕದಲ್ಲಿರುವ ಅವನ ಚಿಕ್ಕಪ್ಪನು ಒಂದು ಪೆಟ್ಟಿಗೆಯ ತುಂಬ ಗಾಳದ ಸಾಮಾನುಗಳನ್ನು ಕಳುಹಿಸಿದ್ದನು. ಆ ದೇಶದಲ್ಲಿ ‘ಬಾಸ್’ ಎಂಬ ಮೀನನ್ನು ಹಿಡಿಯುವುದು ಲಕ್ಷಾಂತರ ಜನರ ವಿನೋದ. ಅದಕ್ಕಾಗಿ ಅವರು ಎರೆಹುಳುವಿಗೆ ಬದಲಾಗಿ ರಬ್ಬರಿನಂತೆ ಮೆತ್ತಗಿರುವ ಕೃತಕ ಮೀನಮರಿಯನ್ನು ಗಾಳಕ್ಕೆ ತೊಡಿಸುತ್ತಾರೆ. ಅದರ ಬಾಲವು ಹರಿಗೋಲಿನ ಹುಟ್ಟಿನಂತೆ ಅಗಲವಾಗಿದ್ದು, ನೀರಿನಲ್ಲಿ ಎಳೆದಾಗ ಜೀವವಿರುವಂತೆ ಅಲುಗಾಡುತ್ತದೆ. ಗಾಳದ ಕುತ್ತಿಗೆಯನ್ನು ಬಗ್ಗಿಸಿ ಅದರ ಸುತ್ತಲೂ ಸೀಸದ ಗುಂಡನ್ನು ಎರಕ ಹೊಯ್ದಿರುತ್ತಾರೆ. ಇದಕ್ಕೆ ‘ಜಿಗ್‌ಹೆಡ್’ ಎಂದು ಹೆಸರು. ದಾರ ಕಟ್ಟುವ ಬಳೆಯು ಗುಂಡಿನ ಮೇಲ್ಭಾಗದಲ್ಲಿರುವುದರಿಂದ ಗಾಳದ ಮೊನೆ ಯಾವಾಗಲೂ ಮೇಲ್ಮುಖವಾಗಿ ನಿಲ್ಲುತ್ತದೆ.

ನಮ್ಮ ಹೊಳೆಗಳಲ್ಲಿ ಬಾಸ್ ಇಲ್ಲ. ಆದರೆ ಅದರ ಸ್ವಭಾವಕ್ಕೆ ಹತ್ತಿರವಾದ ಮರಲು ಮೀನು ಉಂಟು. ಕೆಲವು ಕಡೆ ಇದನ್ನೇ ಕೊರಮೀನೆನ್ನುವರು. ಹಾವಿನಂಥ ತಲೆ, ಉರುಟಾದ ಮೈ, ಜೊಂಡಿನ ನೆರಳಿನಲ್ಲಿ ಹೊಂಚಿ ಕುಳಿತು ಸಣ್ಣ ಮೀನನ್ನೂ ಕಪ್ಪೆಯನ್ನೂ ಹಾರಿ ಹಿಡಿಯುವ ಚಾಳಿ. ನೀರಿನಲ್ಲಿದ್ದರೂ ಇದು ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಲೇಬೇಕು. ಆ ಗುಟುಕಿನ ಸದ್ದೇ ಬೇಟೆಗಾರನಿಗೆ ಗುರುತು.

ಮೊದಲನೆಯ ದಿನ ಬೆಳಗಿನ ಜಾವ ಭೀಮೆಗೆ ಹೋದೆವು. ಹಿಂದೆ ಕಲಬುರ್ಗಿ ಜಿಲ್ಲೆಗೆ ಸೇರಿದ್ದ ಯಾದಗಿರಿಯು ೨೦೦೯ರ ಡಿಸೆಂಬರಿನಲ್ಲಿ ಬೇರೆ ಜಿಲ್ಲೆಯೆಂದು ಘೋಷಿತವಾಯಿತು. ಊರ ನಡುವಣ ಬಂಡೆಗುಡ್ಡದ ಮೇಲೆ ಹಳೆಯ ಕೋಟೆ. ಊರನ್ನು ದಾಟಿ ಶಹಾಪುರದ ದಾರಿ ಹಿಡಿದರೆ ಭೀಮೆಯ ಸೇತುವೆ. ಮಳೆಗಾಲದ ಕೆಂಪು ಇಳಿದು ನೀರು ಹಸುರಿಗೆ ತಿರುಗಿತ್ತು. ಹುಡುಗನು ಪೆಟ್ಟಿಗೆಯಲ್ಲಿದ್ದ ಅತಿ ದೊಡ್ಡ ಗುಂಡನ್ನೂ, ಅಂಗೈಗಿಂತ ಉದ್ದವಾದ ಮೀನಮರಿಯನ್ನೂ ಆರಿಸಿದನು. ದೊಡ್ಡ ಮೀನಿಗೆ ದೊಡ್ಡ ತುತ್ತು ಎಂಬುದು ಅವನ ವಾದ. ನಮಗೂ ಅದು ಸರಿಯೆಂದೇ ತೋರಿತು. ಎಸೆದದ್ದು ಬಲು ದೂರ ಹೋಯಿತು. ಕಲ್ಲಿನಂತೆ ತಳಕ್ಕಿಳಿದು ಕಲ್ಲಿನ ಸಂದಿನಲ್ಲಿಯೇ ಸಿಕ್ಕಿಕೊಂಡಿತು. ದಾರ ಹರಿಯಿತು. ಬಿಸಿಲೇರುವ ಹೊತ್ತಿಗೆ ಐದು ಗಾಳಗಳನ್ನು ಭೀಮೆಗೆ ಅರ್ಪಿಸಿಯಾಗಿತ್ತು.

ಹತ್ತಿರದಲ್ಲಿ ಹರಿಗೋಲನ್ನು ಬೋರಲು ಹಾಕಿ ಬಲೆ ಹೆಣೆಯುತ್ತಿದ್ದ ಅಂಬಿಗರ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಆರನೆಯ ಗಾಳವನ್ನು ಕೈಯಲ್ಲಿ ತೂಗಿ ನೋಡಿ ನಕ್ಕರು.

“ತಮ್ಮಾ, ಇದು ಮೀನ ಹಿಡಿಯೂ ಗಾಳೇನು, ಭಾವ್ಯಾಗ ಬಿದ್ದ ಕೊಡ ತಗಿಯೂ ಪಾತಾಳಗರಡಿಯೇನು?”

ಹುಡುಗನ ಮುಖ ಸಣ್ಣದಾಯಿತು. “ಹಂಗಾರ ಯಾವುದು ಹಾಕಬೇಕು, ಮುತ್ಯಾ?” ಎಂದನು.

“ಎಲ್ಲಾಕ್ಕಿಂತ ಹಗುರ ಯಾವುದೈತಿ, ಅದರಿಂದ ಸುರು ಮಾಡು. ಅದು ತಳ ಮುಟ್ಟಲಿಲ್ಲಂದ್ರ ಅದಕ್ಕಿಂತ ಒಂದು ಕೂದಲಷ್ಟು ಭಾರಂದು ಹಾಕು. ನೀರಿಗೆ ಎಷ್ಟು ಬೇಕೋ ಅಷ್ಟು, ಹೆಚ್ಚಿಗಿ ಬ್ಯಾಡ.”

ಮಧ್ಯಾಹ್ನ ಅಕ್ಕನ ಮನೆಯ ನೆರೆಯ ಅಕ್ಕಸಾಲಿಗರ ಅಂಗಡಿಯಲ್ಲಿ ಕುಳಿತು ಪೆಟ್ಟಿಗೆಯ ಗುಂಡುಗಳನ್ನು ಚಿನ್ನದ ತಕ್ಕಡಿಯಲ್ಲಿ ತೂಗಿಸಿದೆವು. ನಾಲ್ಕು ಬಗೆ. ಭೀಮೆಯ ಪಾಲಾದ ಜಾತಿಯದು ೧೪ ಗ್ರಾಂ, ಎಂದರೆ ಒಂದೂಕಾಲು ತೊಲಕ್ಕೆ ಹತ್ತಿರ. ಎರಡನೆಯದು ಅದರ ಅರ್ಧ, ೭ ಗ್ರಾಂ. ಮೂರನೆಯದು ಮೂರೂವರೆ ಗ್ರಾಂ, ತೊಲದ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಡಮೆ. ಕೊನೆಯದು ಎರಡು ಗ್ರಾಮಿಗೂ ಕಡಮೆ. ಅಕ್ಕಸಾಲಿಗರು ಗುಂಜಿಗಳನ್ನಿಟ್ಟು ನೋಡಿ, “ಹದಿನೈದು ಗುಂಜಿ ಅನ್ನಿರಿ” ಎಂದರು. ಒಂದು ಮೂಗುಬೊಟ್ಟಿನ ತೂಕ!

ಇಷ್ಟು ಹಗುರವಾದುದರಿಂದ ಏನು ಪ್ರಯೋಜನವೆಂದು ನಮ್ಮಂತೆಯೇ ವಾಚಕರೂ ಕೇಳಬಹುದು. ಭಾರವಾದ ಗುಂಡು ನೀರಿನಲ್ಲಿ ನೆಟ್ಟಗೆ ಬೀಳುತ್ತದೆ. ಅದರ ಹಿಂದೆ ಮೀನಮರಿಯ ಬಾಲವು ಸೆಟೆದುಕೊಂಡು ಎಳೆದಂತೆ ಹೋಗುತ್ತದೆ. ಹಗುರವಾದ ಗುಂಡು ಮೆಲ್ಲಮೆಲ್ಲನೆ ಇಳಿಯುತ್ತದೆ. ಗಾಯಗೊಂಡ ಸಣ್ಣ ಮೀನು ಬಲವಿಲ್ಲದೆ ಮುಳುಗುವಂತೆ ಅದು ಕಾಣುತ್ತದೆ. ಹೊಂಚಿ ಕುಳಿತ ಮೀನು ಬಾಯಿ ಹಾಕುವುದು ಹೆಚ್ಚಾಗಿ ಈ ಇಳಿಯುವ ಗಳಿಗೆಯಲ್ಲಿಯೇ. ನಿಂತ ನೀರಿನ, ಎದೆಯ ಮಟ್ಟದ ಜೊಂಡಿನ ಅಂಚಿಗೆ ಹದಿನೈದು ಗುಂಜಿ ಸಾಕು. ಆಳು ಮುಳುಗುವ ಮಡುವಿಗೆ ಅದರ ಇಮ್ಮಡಿ ಬೇಕು. ಸೆಳವಿದ್ದರೆ ಅಥವಾ ಗಾಳಿ ಬೀಸುತ್ತಿದ್ದರೆ ಮಾತ್ರ ೭ ಗ್ರಾಮಿಗೆ ಹೋಗಬೇಕು. ಇಲ್ಲವಾದರೆ ದಾರವು ಬಿಲ್ಲಿನಂತೆ ಬಾಗಿ, ಮೀನು ಕಚ್ಚಿದರೂ ಕೈಗೆ ತಿಳಿಯದು. ಹಗುರವಾದ ಗುಂಡಿಗೆ ತೆಳುವಾದ ದಾರ, ಬಳುಕುವ ಕೋಲು. ದಪ್ಪ ದಾರಕ್ಕೆ ಹಗುರ ಗುಂಡನ್ನು ಕಟ್ಟಿದರೆ ದೂರಕ್ಕೆ ಹೋಗುವುದೂ ಇಲ್ಲ, ತಳಕ್ಕೆ ಇಳಿಯುವುದೂ ಇಲ್ಲ.

ಮೀನಮರಿಯ ಅಳತೆಗೂ ಇದೇ ನ್ಯಾಯ. ಆ ನೀರಿನಲ್ಲಿರುವ ಮೀನುಗಳು ದಿನವೂ ತಿನ್ನುವ ಸಣ್ಣ ಮೀನು ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಿರಬೇಕು. ನಮ್ಮ ಕೆರೆಗಳಲ್ಲಿ ಎರಡರಿಂದ ಮೂರು ಅಂಗುಲ. ತಿಳಿನೀರಿಗೆ ಬೂದಿ, ಬೆಳ್ಳಿಯಂಥ ಸಹಜವಾದ ಬಣ್ಣ. ಕದಡಿದ ನೀರಿಗೆ ನೆರಳಿನಂತೆ ಎದ್ದು ಕಾಣುವ ಕಪ್ಪು. ಗಾಳವನ್ನು ಮರಿಯ ಮೂಗಿನಲ್ಲಿ ಚುಚ್ಚಿ ಬೆನ್ನಿನ ನಡುವೆ ಹೊರಕ್ಕೆ ತೆಗೆಯಬೇಕು. ಎಳ್ಳಷ್ಟು ಓರೆಯಾದರೂ ಅದು ನೀರಿನಲ್ಲಿ ಬುಗುರಿಯಂತೆ ಸುತ್ತತೊಡಗುತ್ತದೆ. ಅಂಥದನ್ನು ಯಾವ ಮೀನೂ ಮೂಸುವುದಿಲ್ಲ.

ಇದೆಲ್ಲ ಹೊರದೇಶದಿಂದ ಬಂದ ವಿದ್ಯೆಯೆಂದು ತಿಳಿಯಬಾರದು. ನಮ್ಮ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ೧೧೨೬ರಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದ ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದವೂ ಒಂದು. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಆಹಾರ, ಗಾಳದಿಂದ ಹಿಡಿಯುವ ಬಗೆ, ಇವುಗಳನ್ನು ಅರಸನು ಅಲ್ಲಿ ವಿವರಿಸಿದ್ದಾನೆ. ರಾಜ್ಯಭಾರದ ನಡುವೆಯೂ ಮೀನಿನ ರುಚಿಯನ್ನು ವಿಚಾರಿಸಲು ಅವನಿಗೆ ಬಿಡುವಿತ್ತು.

ಎರಡನೆಯ ದಿನ ಶಹಾಪುರಕ್ಕೆ ಹೊರಟೆವು. ಹಿರಿಯರ ಮಗಳನ್ನು ಶಹಾಪುರದ ಆಚೆಯ ಹಳ್ಳಿಯೊಂದಕ್ಕೆ ಕೊಟ್ಟಿತ್ತು. ಹಬ್ಬಕ್ಕೆಂದು ಅವರೂ ನಮ್ಮ ಸಂಗಡ ಬಸ್ಸು ಹತ್ತಿದರು. ಶಹಾಪುರದ ಗುಡ್ಡಗಳ ಸಾಲು ದೂರದಿಂದ ನೋಡುವವರಿಗೆ ಅಂಗಾತ ಮಲಗಿದ ಮನುಷ್ಯನಂತೆಯೇ ಕಾಣುತ್ತದೆ: ಹಣೆ, ಮೂಗು, ಗದ್ದ, ಎದೆ, ಎಲ್ಲವೂ ಸ್ಪಷ್ಟ. ಜನರು ಇದನ್ನು ಮಲಗಿದ ಬುದ್ಧನೆನ್ನುವರು. ಒಂದು ಕಾಲಕ್ಕೆ ಜೋಳ, ತೊಗರಿ ಮಾತ್ರ ಬೆಳೆಯುತ್ತಿದ್ದ ಈ ಎರೆಯ ನೆಲಕ್ಕೆ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಎಡದಂಡೆಯ ಕಾಲುವೆ ಬಂದಮೇಲೆ, ಭೀಮರಾಯನಗುಡಿಯ ಸುತ್ತ ಬತ್ತದ ಗದ್ದೆಗಳ ಹಸುರು ಕಣ್ಣಿಗೆ ತಂಪಾಗಿದೆ.

ಹಳ್ಳಿಯ ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿತ್ತು. ಹಿರಿಯರ ಅಳಿಯನು ಗುತ್ತಿಗೆದಾರರನ್ನು ಕೇಳಿ ಅಪ್ಪಣೆ ಪಡೆದನು. ಹೀಗೆ ಕೇಳದೆ ಯಾವ ಕೆರೆಗೂ ಗಾಳ ಇಳಿಸಬಾರದೆಂಬುದನ್ನು ವಾಚಕರು ನೆನಪಿಡಬೇಕು.

ಮೂರು ಗಂಟೆಯ ಹೊತ್ತಿಗೆ ಜೊಂಡಿನ ಮಗ್ಗುಲಲ್ಲಿ ನೀರು ಸೋನೆಮಳೆ ಬಿದ್ದಂತೆ ಪುಟಪುಟನೆ ಚುಕ್ಕಿಯಾಡತೊಡಗಿತು. ಬಗ್ಗಿ ನೋಡಿದರೆ ಬೆರಳುಗುರಿನಷ್ಟು ಉದ್ದದ ನೂರಾರು ಮರಿಗಳು, ಕುಂಕುಮದ ಉಂಡೆಯಂತೆ ಒಟ್ಟಾಗಿ, ಗಾಳಿ ಕುಡಿಯಲು ಏರುತ್ತ ಇಳಿಯುತ್ತ ಇದ್ದುವು. ಅವುಗಳ ಕೆಳಗೆ, ನೀರಿಗಿಂತ ಕಪ್ಪಾಗಿ, ತೊಡೆಯಷ್ಟು ದಪ್ಪದ ಮರಲೊಂದು ಮೆಲ್ಲನೆ ಸುತ್ತುತ್ತಿತ್ತು.

ಎರಡು ದಿನ ಬರಿಗೈಯಲ್ಲಿ ನಿಂತಿದ್ದ ಹುಡುಗನ ಕೈ ನಡುಗಿತು. ಮೂರು ಮಾರು ದೂರ. ಹದಿನೈದು ಗುಂಜಿಯ ಗಾಳ ಕಟ್ಟಿಯೇ ಇತ್ತು. ಮರಿಗಳ ಹತ್ತಿರ ಏನು ಬಿದ್ದರೂ ತಾಯಿತಂದೆಗಳು ಹಸಿವಿಲ್ಲದಿದ್ದರೂ ಸಿಟ್ಟಿನಿಂದ ಕಚ್ಚುವುವೆಂಬುದು ಗಾಳದವರಿಗೆಲ್ಲ ತಿಳಿದ ಗುಟ್ಟು. ನಿಜ ಹೇಳಬೇಕೆಂದರೆ, “ಹಾಕು” ಎಂಬ ಮಾತು ನಮ್ಮ ನಾಲಗೆಯ ತುದಿಗೂ ಬಂದಿತ್ತು.

ಹಿರಿಯರು ಅವನ ಕೋಲಿನ ಮೇಲೆ ಕೈಯಿಟ್ಟರು. “ನಾ ನಿನ್ನಷ್ಟು ಇದ್ದಾಗ ಹಿಂತಾದೇ ಒಂದು ಹಿಡದಿದ್ದೆ, ತಮ್ಮಾ. ಮನಿಯಾಗ ಎಲ್ಲಾರೂ ಉಂಡ್ವಿ. ಮರುದಿನ ಹೋಗಿ ನೋಡ್ತೀನಿ, ಮರಿ ಒಂದೂ ಇಲ್ಲ. ಸುತ್ತಲ ಮೀನ ನುಂಗಿಬಿಟ್ಟಿದ್ವು. ಒಂದ ಹೊತ್ತಿನ ಸಾರಿಗೆ ಮುಂದಿನ ಕೆರೀನ ಉಂಡಂಗಾತು.”

ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಕಣ್ಣಿನಲ್ಲಿ ನೀರಾಡಿತು. ಆಮೇಲೆ ದಾರವನ್ನು ಸುತ್ತಿ, ಗಾಳವನ್ನು ಬಿಚ್ಚಿ, ಪೆಟ್ಟಿಗೆಯಲ್ಲಿಟ್ಟನು. ಅಮೇರಿಕದ ಬಾಸ್ ಮೀನಿನಲ್ಲಿಯೂ ಗಂಡು ಗೂಡನ್ನು ಕಾಯ್ದು ಮರಿಗಳನ್ನು ಸಾಕುತ್ತದೆಂದು ನಾವು ಹೇಳಿದಾಗ, “ಮಾಮಾ, ಹಂಗಾರ ಚಿಕ್ಕಪ್ಪಗ ಬರೀತೀನಿ” ಎಂದಷ್ಟೇ ಅಂದನು.

ಮೂರನೆಯ ದಿನ ಸುರಪುರ. ಗುಡ್ಡಗಳ ನಡುವೆ ಅಡಗಿದ ನಾಯಕರ ರಾಜಧಾನಿಯಿದು. ೧೮೫೮ರಲ್ಲಿ ಇಂಗ್ಲಿಷರ ಮೇಲೆ ಎದ್ದ ರಾಜಾ ವೆಂಕಟಪ್ಪ ನಾಯಕನ ಊರು. ಅವನು ಬಾಲಕನಾಗಿದ್ದಾಗ ಸಂಸ್ಥಾನವನ್ನು ನೋಡಿಕೊಂಡ ಮೆಡೋಸ್ ಟೇಲರನ ಬಂಗಲೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ಗುಡ್ಡದ ಮೇಲೆ ನಿಂತಿದೆ. ಸಮೀಪದ ಬೋನಾಳದ ಕೆರೆ ನಾಯಕರ ಕಾಲದ್ದು. ಈಗ ಅದು ಪಕ್ಷಿಧಾಮ. ಅಲ್ಲಿ ನಾವು ಕೋಲನ್ನು ಚೀಲದಿಂದ ತೆಗೆಯಲಿಲ್ಲ. ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆಗಳನ್ನು ನೋಡುತ್ತ ಏರಿಯ ಮೇಲೆ ಕುಳಿತೆವು.

ಹುಡುಗನು ಇದ್ದಕ್ಕಿದ್ದಂತೆ, ಭೀಮೆಯಲ್ಲಿ ಬಿಟ್ಟ ಐದು ಗುಂಡುಗಳ ಗತಿಯೇನೆಂದು ಕೇಳಿದನು. ಸೀಸವು ಕರಗಿಹೋಗುವ ವಸ್ತುವಲ್ಲ, ವಿಷ. ನೀರುಹಕ್ಕಿಗಳು ಅರಗುವುದಕ್ಕಾಗಿ ಸಣ್ಣ ಕಲ್ಲುಗಳನ್ನು ನುಂಗುವಾಗ ಸೀಸದ ಗುಂಡನ್ನೂ ನುಂಗಿ ಸಾಯುತ್ತವೆ. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದರಿಂದ ೧೯೮೭ರಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು. ಈಗ ಟಂಗ್‌ಸ್ಟನ್ ಎಂಬ ಲೋಹದ ಗುಂಡುಗಳು ದೊರೆಯುತ್ತವೆ. ಬೆಲೆ ಹೆಚ್ಚಾದರೂ ಅದೇ ತೂಕಕ್ಕೆ ಗಾತ್ರ ಸಣ್ಣದು. ಮನೆಯಲ್ಲಿ ಮಕ್ಕಳಿದ್ದವರು ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವ ಅಭ್ಯಾಸವನ್ನು ಖಂಡಿತವಾಗಿ ಬಿಡಿಸಬೇಕು. ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಿಸಬಾರದು. ಹಗುರವಾದ ಗುಂಡು ಕಲ್ಲಿಗೆ ಸಿಕ್ಕುವುದು ಕಡಮೆ, ಸಿಕ್ಕಿದರೂ ಬಿಡುವ ವಿಷ ಕಡಮೆ ಎಂಬುದು ಆಗ ನಮಗೆ ಹೊಳೆಯಿತು.

ಸಂಜೆ ತಿಂಥಣಿಗೆ ಹೋಗಿ ಮೌನೇಶ್ವರರ ಗುಡಿಗೆ ಕೈಮುಗಿದು, ಅಲ್ಲಿಂದ ಬಲು ದೂರ ಸರಿದು, ಊರಿನ ಅಂಬಿಗರು ತೋರಿಸಿದ ಕಡೆ ಕೃಷ್ಣೆಗಿಳಿದೆವು. ಹೊಳೆಯಲ್ಲಿ ಮೊಸಳೆಗಳಿರುವುದರಿಂದ ನೀರಿಗೆ ಕಾಲಿಡದೆ ಎತ್ತರದ ಬಂಡೆಯ ಮೇಲೆಯೇ ನಿಂತೆವು. ಸೆಳವು ಹೊರಗೆ ಹರಿಯುತ್ತಿತ್ತು. ಬಂಡೆಯ ಮರೆಯಲ್ಲಿ ನೀರು ನಿಂತಿತ್ತು. ಹುಡುಗನು ಹದಿನೈದು ಗುಂಜಿಯ ಗುಂಡಿಗೆ ಎರಡಂಗುಲದ ಬೂದಿಬಣ್ಣದ ಮರಿಯನ್ನು ತೊಡಿಸಿ ಮೆಲ್ಲನೆ ಇಳಿಬಿಟ್ಟನು. ಅದು ಇಳಿಯುತ್ತಿರುವಾಗಲೇ ದಾರ ಒಂದು ಸಲ ಮಿಡಿಯಿತು, ಕೋಲು ಬಾಗಿತು. ಮೇಲೆ ಬಂದದ್ದು ಸಾಧಾರಣ ಗಾತ್ರದ ಮರಲು. ಸುತ್ತ ಮರಿಗಳಿಲ್ಲವೆಂದು ಹುಡುಗನು ಎರಡೆರಡು ಸಲ ನೋಡಿದಮೇಲೆಯೇ ಅದನ್ನು ಚೀಲಕ್ಕೆ ಹಾಕಿದನು. ಅಂಬಿಗರ ಮನೆಯವರು ಅದನ್ನು ಹುಣಿಸೆ ಹಿಂಡಿ ಸಾರು ಮಾಡಿ, ಬಿಸಿ ಜೋಳದ ರೊಟ್ಟಿಯೊಡನೆ ಬಡಿಸಿದರು. ಎಲ್ಲರಿಗೂ ಒಂದೊಂದು ತುಂಡು ಬಂದಿತು.

ಮರುದಿನ ಹಿಂದಿರುಗುವಾಗ ಶಹಾಪುರದ ಬಸ್ ನಿಲ್ದಾಣದಲ್ಲಿ ಹಿರಿಯರು ನಮಗಾಗಿ ಕಾದಿದ್ದರು. ಹುಡುಗನು ಬಸ್ಸಿನ ಕಿಟಕಿಯಿಂದಲೇ, “ಮುತ್ಯಾ, ಒಂದು ಸಿಕ್ತು!” ಎಂದು ಕೂಗಿದನು.

“ತೂಕ ಎಷ್ಟು?”

“ಮುಕ್ಕಾಲು ಕಿಲೋ ಇತ್ತು.”

“ಮೀನಿಂದಲ್ಲೋ ತಮ್ಮಾ, ಗಾಳದ್ದು.”

“ಹದಿನೈದು ಗುಂಜಿ” ಎಂದನು ಹುಡುಗ.

ಹಿರಿಯರು ತಲೆದೂಗಿದರು. ಬಸ್ಸು ಭೀಮೆಯ ಕಡೆಗೆ ಹೊರಟಿತು.