ಧಾರವಾಡದಿಂದ ದುರ್ಗಕ್ಕೆ: ಬಾನುಲಿಯ ಹಾದಿ

ಧಾರವಾಡದ ವಿದ್ಯಾಕೀರ್ತಿಗೆ ಕಾರಣವಾದ ಸಂಸ್ಥೆಗಳನ್ನು ಎಣಿಸುವಾಗ ಕರ್ನಾಟಕ ಕಾಲೇಜು, ವಿದ್ಯಾವರ್ಧಕ ಸಂಘ, ಮುರುಘಾಮಠ ಎಂದು ಹೇಳುವುದು ವಾಡಿಕೆ. ಆ ಸಾಲಿಗೆ ಆಕಾಶವಾಣಿಯನ್ನೂ ಸೇರಿಸತಕ್ಕದ್ದು. 1950ರ ಜನವರಿ 8ರಂದು ಇಲ್ಲಿ ನಿಲಯವು ಆರಂಭವಾದಾಗ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣಕ್ಕೆ ಇನ್ನೂ ಆರು ವರ್ಷಗಳಿದ್ದವು. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ಬಾನುಲಿಯನ್ನು ಆರಂಭಿಸಿದ್ದರೂ, ಉತ್ತರದ ಕನ್ನಡಿಗರಿಗೆ ತಮ್ಮ ಮಾತಿನ ಧಾಟಿಯನ್ನು ತಾವೇ ಕೇಳುವ ಯೋಗ ಒದಗಿದ್ದು ಧಾರವಾಡದಿಂದ.

ಪಂಡಿತ ಮಲ್ಲಿಕಾರ್ಜುನ ಮನಸೂರರು ಈ ನಿಲಯದ ಸಂಗೀತ ಸಲಹೆಗಾರರಾಗಿದ್ದರು. ಕಾದಂಬರಿಕಾರ ಎನ್ಕೆಯವರು ಇಲ್ಲಿ ಸೇವೆ ಸಲ್ಲಿಸಿದರು. ಶರಣರ ವಚನಗಳು ಹಿಂದುಸ್ತಾನಿ ರಾಗಗಳನ್ನುಟ್ಟು ಹಳ್ಳಿಯ ಪಡಸಾಲೆಗೆ ಇಳಿದದ್ದರಲ್ಲಿ ಬಾನುಲಿಯ ಪಾಲು ಸಣ್ಣದಲ್ಲ. ಆದರೆ ನಿಲಯದ ಹಿರಿಮೆ ದೊಡ್ಡವರ ಹೆಸರಿನಿಂದ ಮಾತ್ರ ಬಂದುದಲ್ಲ. ಅದೇ ಬಾಗಿಲಿನಿಂದ ಡೊಳ್ಳಿನ ಪದದವರು, ಗೀಗೀ ಮೇಳದವರು, ಬೀಸುವ ಪದ ಬಲ್ಲ ತಾಯಂದಿರು ಒಳಗೆ ಹೋಗಿಬಂದರು. ಧ್ವನಿಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಶ್ರೇಣಿ ದೊರೆಯುತ್ತಿತ್ತು, ಕರಾರುಪತ್ರ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಸಂಭಾವನೆ ಅಲ್ಪವೇ. ಆದರೂ ‘ರೇಡಿಯೋದಾಗ ಹಾಡಿದ ಮನೆತನ’ ಎಂಬ ಮಾತು ಹೆಣ್ಣು ಕೊಡುವವರ ಕಿವಿಗೂ ಬೀಳುತ್ತಿತ್ತೆಂಬುದನ್ನು ನಾವು ಬಲ್ಲೆವು.

ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ಚಿತ್ರದುರ್ಗಕ್ಕೆ ಪ್ರಯಾಣ ಮಾಡುವ ಪ್ರಸಂಗ ಒದಗಿತು. ಹುಬ್ಬಳ್ಳಿಯನ್ನು ದಾಟಿ ಹಾವೇರಿ ಜಿಲ್ಲೆಯನ್ನು ಹೊಕ್ಕರೆ ಎರಡೂ ಕಡೆ ಗೋವಿನಜೋಳ, ಹತ್ತಿ, ನಡುನಡುವೆ ಮೆಣಸಿನಕಾಯಿಯ ಹೊಲಗಳು. ಹೆದ್ದಾರಿಯಿಂದ ತುಸು ಒಳಗಿರುವ ಒಂದು ಹಳ್ಳಿಯಲ್ಲಿ ಜಾತ್ರೆಯ ನಿಮಿತ್ತ ತಂಗಿದೆವು. ರಾತ್ರಿ ಗೀಗೀ ಪದದ ಮೇಳವೊಂದು ಹಾಡಿತು. ಮುಖ್ಯ ಹಾಡುಗಾರರಿಗೆ ಎಪ್ಪತ್ತು ದಾಟಿರಬೇಕು; ಕೈಯಲ್ಲಿ ದಪ್ಪು, ಪಕ್ಕದಲ್ಲಿ ತುಂತುಣಿ. ಪ್ರಸಾದವಾದ ಮೇಲೆ ಬಾನುಲಿಯ ಮಾತು ಬಂತು.

“ಶಾಸ್ತ್ರಿಗಳ, ಮೊದಲ ಅವರ ಗಾಡಿ ನಮ್ಮೂರಿಗೇ ಬರತಿತ್ರಿ. ಗಿಡದ ಕೆಳಗ ಕೂಡ್ರಿಸಿ ಹಾಡಿಸಿಕೊಂಡು ಹೋಗತಿದ್ರು. ಈಗ ನೀವ ಮೊಬೈಲದಾಗ ಹಾಡಿ ಕಳಸ್ರಿ ಅಂತಾರ. ಅದರಾಗ ತುಂತುಣಿ ಎಲ್ಲಿ ಕೇಳತೈತ್ರಿ?” ಎಂದರು. ಯಾವ ನಿಲಯದವರು ಹಾಗೆಂದರೆಂದು ನಾವು ಕೇಳಲಿಲ್ಲ. ಹಿಂದೊಮ್ಮೆ ಧ್ವನಿಮುದ್ರಿಸಿದ ಅವರ ಒಂದು ದೀರ್ಘಪದದ ಸುರುಳಿ ಎಲ್ಲಿದೆಯೆಂಬುದೂ ಅವರಿಗೆ ತಿಳಿಯದು. ಅಂದು ಹಿಮ್ಮೇಳ ಹಿಡಿದವರಿಬ್ಬರೂ ಲಿಂಗೈಕ್ಯರಾಗಿದ್ದಾರೆ.

ಬಾನುಲಿಯೆಂದರೆ ಊರಿಗೆ ಬರುವ ಧ್ವನಿ ಎಂದೇ ಬಹುಜನರು ತಿಳಿದಿದ್ದಾರೆ. ಊರಿನಿಂದ ಹೊರಡುವ ಧ್ವನಿಯೂ ಅದರಲ್ಲುಂಟು. ಕ್ಷೀಣಿಸಿರುವುದು ಈ ಎರಡನೆಯದು. ಮೊದಲನೆಯದಕ್ಕೆ ಇಂದು ಕೊರತೆಯೇನಿಲ್ಲ. ಧಾರವಾಡದ ಪ್ರಸಾರವನ್ನು ಕೈಯಲ್ಲಿರುವ ಫೋನಿನಲ್ಲಿ ದುಬೈಯಲ್ಲಿ ಕುಳಿತವರೂ ಕೇಳಬಹುದು. ಅಷ್ಟು ದೂರ ಮುಟ್ಟುವ ಧ್ವನಿ ಹಾವೇರಿಯ ಹಳ್ಳಿಯಿಂದ ಏನನ್ನು ಎತ್ತಿಕೊಂಡು ಹೊರಡುತ್ತದೆ ಎಂಬುದೇ ಪ್ರಶ್ನೆ.

ಚಿತ್ರದುರ್ಗವನ್ನು ಮುಟ್ಟಿದಾಗ ಈ ವಿಚಾರವು ಇನ್ನಷ್ಟು ಬಲವಾಯಿತು. ಸ್ಥಳೀಯ ಬಾನುಲಿ ಎಂಬ ಕಲ್ಪನೆ ನಮ್ಮ ದೇಶದಲ್ಲಿ 1984ರಲ್ಲಿ ತಮಿಳುನಾಡಿನ ನಾಗರಕೋಯಿಲಿನಲ್ಲಿ ಮೊದಲು ರೂಪ ತಾಳಿತು. ಅನಂತರದ ವರ್ಷಗಳಲ್ಲಿ ಚಿತ್ರದುರ್ಗ, ಹಾಸನ, ರಾಯಚೂರು, ಹೊಸಪೇಟೆ, ಮಡಿಕೇರಿ, ಕಾರವಾರ ಮುಂತಾದ ಊರುಗಳಿಗೂ ನಿಲಯಗಳು ಬಂದವು. ರಾಷ್ಟ್ರಕ್ಕೊಂದು, ಪ್ರಾಂತಕ್ಕೊಂದು, ಜಿಲ್ಲೆಗೊಂದು ಎಂಬ ಮೂರು ಮೆಟ್ಟಿಲುಗಳ ಏರ್ಪಾಡಿನಲ್ಲಿ ಇವು ಕೆಳಗಿನ ಮೆಟ್ಟಿಲು. ಊರೂರಿಗೆ ಹೋಗಿ ಧ್ವನಿ ಸಂಗ್ರಹಿಸಿ ತರುವುದೇ ಇವುಗಳ ಮುಖ್ಯ ಉದ್ದೇಶ. ಅದಕ್ಕೆ ಕಾರಣವೂ ಇತ್ತು. ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೆ ಬೇಕಾದ ಮಾತು ಮಡಿಕೇರಿಯ ಕಾಫಿ ತೋಟದವನಿಗೆ ಬೇಡ. ಮಳೆ ಕೈಕೊಟ್ಟ ವಾರದಲ್ಲಿ ಬಯಲುಸೀಮೆಯ ರೈತನಿಗೆ ಯಾವ ಬೀಜ ಬಿತ್ತಬೇಕೆಂಬುದನ್ನು ಆ ಸೀಮೆಯ ಮಣ್ಣನ್ನು ಮೆಟ್ಟಿದವನೇ ಹೇಳಬೇಕು.

ಅಂತಹ ಕಾರ್ಯಕ್ರಮಕ್ಕೆ ವಾಹನ ಬೇಕು, ಪ್ರಯಾಣಭತ್ಯೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಆ ಸೀಮೆಯನ್ನು ಬಲ್ಲ ಮನುಷ್ಯರು ಬೇಕು. 1997ರಲ್ಲಿ ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂದು ಸ್ವಾಯತ್ತತೆಯ ಹೆಸರು ದೊರೆತರೂ, ಆದಾಯದ ಚಿಂತೆ ಅದರ ಜೊತೆಗೇ ಬಂತು. ನಿವೃತ್ತರಾದ ಕಾರ್ಯಕ್ರಮ ಸಿಬ್ಬಂದಿಯ ಸ್ಥಾನಗಳನ್ನು ತುಂಬುವ ಕೆಲಸ ದಶಕಗಳಿಂದ ಮಂದಗತಿಯಲ್ಲಿದೆ. ತಾತ್ಕಾಲಿಕ ಉದ್ಘೋಷಕರ ಮೇಲೆ ಭಾರ ಬಿದ್ದಿದೆ. ಉಪಗ್ರಹದಿಂದ ಬಂದುದನ್ನು ಮರುಪ್ರಸಾರ ಮಾಡುವುದಕ್ಕೆ ಇವಾವುವೂ ಬೇಡ, ಗುಂಡಿಯೊತ್ತುವ ಒಬ್ಬ ತಂತ್ರಜ್ಞ ಸಾಕು. ಲೆಕ್ಕ ಬರೆಯುವವನ ದೃಷ್ಟಿಯಲ್ಲಿ ಇದೇ ಜಾಣತನ. ಗೀಗೀ ಮೇಳದ ಪದಕ್ಕೆ ಪ್ರಾಯೋಜಕರು ಸಿಗುವುದಿಲ್ಲವೆಂಬುದನ್ನು ಹೇಳಲು ದೊಡ್ಡ ಸಮೀಕ್ಷೆ ಬೇಕಾಗಿಲ್ಲ. ಖಾಸಗಿ ಎಫ್‌ಎಂ ವಾಹಿನಿಗಳ ಮಾತಿನ ಓಟವನ್ನು ಹಿಂಬಾಲಿಸುವುದು ನಮ್ಮ ವಯಸ್ಸಿನವರಿಗೆ ಕಷ್ಟ. ಅದು ಬೇರೆ ಮಾತು.

ದಾರಿ ಪೂರ್ಣ ಮುಚ್ಚಿಲ್ಲವೆಂಬುದನ್ನೂ ಹೇಳಬೇಕು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಹಳ್ಳಿಗರ ಕೇಂದ್ರವು, ಗಾಳಿಯಲ್ಲಿ ಬಿತ್ತರಿಸಲು ಪರವಾನಗಿ ದೊರೆಯದಿದ್ದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಧ್ವನಿ ಮುಟ್ಟಿಸಿತು. 2006ರಲ್ಲಿ ಸರಕಾರವು ಸಮುದಾಯ ಬಾನುಲಿಯ ನಿಯಮಗಳನ್ನು ಸಡಿಲಿಸಿದ ಮೇಲೆ ಸೇವಾಸಂಸ್ಥೆಗಳೂ ಅರ್ಜಿ ಹಾಕಬಹುದಾಯಿತು. ಅದಕ್ಕೂ ಮೊದಲು ಈ ಅವಕಾಶ ವಿದ್ಯಾಸಂಸ್ಥೆಗಳಿಗೆ ಮಾತ್ರವಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇಂತಹ ಕೇಂದ್ರವನ್ನು ನಡೆಸಿದೆ. ಇವುಗಳ ಪ್ರಸಾರದ ವ್ಯಾಪ್ತಿ ಕೆಲವೇ ಮೈಲಿ. ದೊಡ್ಡ ನಿಲಯವೊಂದರ ಸ್ಥಾನವನ್ನು ಇವು ತುಂಬಲಾರವು. ಆದರೆ ಮೇಳವು ನಡೆದೇ ಹೋಗಿ ಹಾಡಿಬರುವಷ್ಟು ಹತ್ತಿರದಲ್ಲಿರುತ್ತವೆ.

ಹಾವೇರಿಯ ಆ ಹಿರಿಯರ ದೀರ್ಘಪದ ಪೂರ್ತಿಯಾಗಿ ಈಗ ಬಾಯಿಪಾಠವಿರುವುದು ಅವರೊಬ್ಬರಿಗೇ. ಹಾಡಲು ಒಂದೂವರೆ ತಾಸು ಹಿಡಿಯುತ್ತದಂತೆ. ಜಾತ್ರೆಯ ರಾತ್ರಿ ಅವರು ಹಾಡಿದ್ದು ಅದರ ಮೊದಲ ಅರ್ಧ ಮಾತ್ರ. ಅಷ್ಟರಲ್ಲಿ ವೇದಿಕೆಗೆ ವಾದ್ಯವೃಂದದವರ ಸರದಿ ಬಂದಿತ್ತು.