ಹಿಂದಿನ ದೀಪ

ಅಂಗಡಿಯ ಮುಂಭಾಗವನ್ನು ಶೃಂಗರಿಸುವ ವ್ಯಾಪಾರಿ ಹಿಂಬದಿಯ ಗೋದಾಮಿನ ಕಸವನ್ನು ಅನೇಕ ದಿನ ಮರೆತಿರುತ್ತಾನೆ. ಗಿರಾಕಿಯ ದೃಷ್ಟಿಗೆ ಬೀಳುವುದರಲ್ಲಿ ಅವನಿಗಿರುವ ಆಸ್ಥೆ, ತನ್ನ ದೃಷ್ಟಿಗೇ ಬೀಳದುದರಲ್ಲಿ ಇರುವುದಿಲ್ಲ. ಇದು ವ್ಯಾಪಾರಿಯೊಬ್ಬನ ದೋಷವಲ್ಲ, ಮನುಷ್ಯಮಾತ್ರರ ದೋಷ. ಹುಬ್ಬಳ್ಳಿಯ ಹಿರಿಯ ವರ್ತಕರೊಬ್ಬರಿಗೆ ಈ ಸತ್ಯವನ್ನು ಮನಗಾಣಿಸಿದ್ದು ಅವರ ತಂದೆಯ ಕಾಲದ ಕಾರು.

ಅದು 1969ರ ಅಂಬಾಸಿಡರ್ ಮಾರ್ಕ್ 2. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಮಾದರಿಯಾಗಿಟ್ಟುಕೊಂಡು ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ ತಯಾರಾಗುತ್ತಿದ್ದ ಈ ವಾಹನದ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ತಂದೆಯವರು ತೀರಿಕೊಂಡ ಮೇಲೆ ಬಹುಕಾಲ ಹೊದಿಕೆಯಡಿ ಮಲಗಿದ್ದ ಕಾರನ್ನು ಮಗ ಅಕ್ಕರೆಯಿಂದ ಪುನರುಜ್ಜೀವನಗೊಳಿಸಿದರು. ಎಂಜಿನ್ ಬಿಚ್ಚಿಸಿದರು, ಹೊಸ ಬಣ್ಣ ಹಾಕಿಸಿದರು, ಮುಂದಿನ ಜಾಲರಿಗೆ ಹೊಳಪು ಕೊಡಿಸಿದರು. ಹಿಂದಿನ ಕೆಂಪು ದೀಪಗಳ ಕುರಿತು ಕೆಲಸಗಾರ ‘ಉರಿಯುತ್ತವೆ’ ಎಂದ. ಇವರು ‘ಸಾಕು’ ಎಂದರು.

2022ರ ಕಾರ್ತಿಕ ಮಾಸದ ಒಂದು ಸಂಜೆ. ಓಣಿಯ ತಿರುವಿನಲ್ಲಿ ಹಸುವೊಂದು ಅಡ್ಡ ಬಂದಿತೆಂದು ಅವರು ಕಾರು ನಿಲ್ಲಿಸಿದರು. ಹಿಂದಿನಿಂದ ಬಂದ ಸ್ಕೂಟರ್ ಕಾರಿಗೆ ಬಡಿಯಿತು. ಸವಾರ ಹತ್ತೊಂಬತ್ತು ವರ್ಷದ ಹುಡುಗ. ದಿನಸಿ ಅಂಗಡಿಯೊಂದರ ಸಾಮಾನುಗಳನ್ನು ಮನೆಮನೆಗೆ ತಲುಪಿಸುವವನು. ಅವನ ಪಾದದ ಕೀಲು ಮುರಿಯಿತು. ‘ಹಿಂದಿನಿಂದ ಬಂದು ಗುದ್ದಿದವನದೇ ತಪ್ಪು’ ಎಂದು ನೆರೆದವರು ತೀರ್ಪಿತ್ತರು. ಮರುದಿನ ಹುಡುಗನ ತಂದೆ ಮನೆಗೆ ಬಂದು, ಕೈಜೋಡಿಸಿ ಕ್ಷಮೆ ಕೇಳಿದ. ಇವರು ಉದಾರವಾಗಿ ಕ್ಷಮಿಸಿದರು. ಕ್ಷಮಿಸಿದ ತೃಪ್ತಿಯೂ ಅವರಿಗೆ ಉಂಟಾಯಿತು.

ಒಂದು ವಾರದ ತರುವಾಯ ಒಡೆದ ದೀಪವನ್ನು ಸರಿಪಡಿಸಲು ವಾಹನಗಳ ವಿದ್ಯುತ್ ಕೆಲಸ ಮಾಡುವ ವೃದ್ಧರೊಬ್ಬರಲ್ಲಿಗೆ ಕಾರು ಹೋಯಿತು. ಅವರು ಯಜಮಾನರಿಗೆ ಹೇಳಿದ ಮೊದಲ ಮಾತು ಇದು: ‘ಗಾಡಿ ಒಳಗ ಕುಂತಾವ್ರಿಗೆ ಹಿಂದಿನ ದೀಪ ಕಾಣಂಗಿಲ್ರಿ, ಸಾಹುಕಾರ್ರ. ಇಳದು ಹಿಂದ ನಿಂತು ನೋಡ್ರಿ.’

ಅವರು ಹಿಂದೆ ನಿಂತರು. ಕೆಲಸದ ಹುಡುಗ ಬ್ರೇಕ್ ತುಳಿದ. ಒಂದು ದೀಪದಲ್ಲಿ ಬೂದಿ ಮುಚ್ಚಿದ ಕೆಂಡದಷ್ಟು ಬೆಳಕು. ಬಡಿತಕ್ಕೆ ಗಾಜು ಒಡೆದಿದ್ದ ಇನ್ನೊಂದು ದೀಪದ ಬಲ್ಬು ಮೊದಲೇ ಚೆನ್ನಾಗಿ ಉರಿಯುತ್ತಿತ್ತು. ಬ್ರೇಕ್ ತುಳಿದಾಗ ಅದರಲ್ಲಿ ಗುರುತಿಸುವಷ್ಟು ಬದಲಾವಣೆಯೇ ಆಗಲಿಲ್ಲ.

ಕಾರಣಗಳು ಎರಡು. ಇಂಥ ದೀಪದ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ: ರಾತ್ರಿ ಸದಾ ಉರಿಯಲು 5 ವ್ಯಾಟಿನದು, ಬ್ರೇಕ್ ಒತ್ತಿದಾಗ ಉರಿಯಲು 21 ವ್ಯಾಟಿನದು. ತಿರುಗುಮುರುಗಾಗಿ ಕೂರಬಾರದೆಂದೇ ಬಲ್ಬಿನ ಬುಡದ ಎರಡು ಮೊಳೆಗಳನ್ನು ಬೇರೆ ಬೇರೆ ಎತ್ತರದಲ್ಲಿಟ್ಟಿರುತ್ತಾರೆ. ಸವೆದ ಹೋಲ್ಡರಿನಲ್ಲಿ ಯಾರೋ ಅದನ್ನು ಬಲವಂತವಾಗಿ ಉಲ್ಟಾ ತುರುಕಿದ್ದರು. ಹೀಗಾಗಿ ಸದಾ ಉರಿಯುವ ದೀಪವೇ ಪ್ರಖರವಾಗಿ, ನಿಲ್ಲುವ ಸಂಜ್ಞೆ ಮಂಕಾಗಿ, ಒಂದು ಇನ್ನೊಂದರಲ್ಲಿ ಅಡಗಿಹೋಗಿತ್ತು.

ಇನ್ನೊಂದು ಬದಿಯ ದೋಷ ತುಕ್ಕಿನದು. ಬ್ಯಾಟರಿಯಿಂದ ದೀಪಕ್ಕೆ ಬಂದ ವಿದ್ಯುತ್ತು ಕಾರಿನ ಲೋಹದ ದೇಹದ ಮೂಲಕವೇ ಹಿಂದಿರುಗಬೇಕು. ದೀಪದ ಬುಡಕ್ಕೂ ದೇಹಕ್ಕೂ ನಡುವೆ ತುಕ್ಕು ಮತ್ತು ಹೊಸ ಬಣ್ಣ ಸೇರಿ ಆ ದಾರಿಯನ್ನು ಕಟ್ಟಿದ್ದವು. ಬ್ಯಾಟರಿಯಲ್ಲಿ 12.4 ವೋಲ್ಟ್, ಬಲ್ಬಿಗೆ ದೊರೆಯುತ್ತಿದ್ದುದು 10.6 ಮಾತ್ರ. ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ತಂತುವಿನ ಬಲ್ಬಿನಲ್ಲಿ ವೋಲ್ಟೇಜು ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. ಹತ್ತನೆಯ ಒಂದು ಭಾಗ ಕಡಿಮೆಯಾದರೆ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ನಷ್ಟ. ಇಲ್ಲಿ ಉಳಿದದ್ದು ಐದರಲ್ಲಿ ಮೂರು ಭಾಗದಷ್ಟು. ಆ ಉಳಿದ ಬೆಳಕನ್ನೂ ಹೊಳಪು ಕಳೆದುಕೊಂಡ ಪ್ರತಿಫಲಕ ಮತ್ತು ಬಿಸಿಲಿಗೆ ಮಂಜುಗಟ್ಟಿದ ಕೆಂಪು ಹೊದಿಕೆ ನುಂಗುತ್ತಿದ್ದವು. ಹೊರಗಿನ ಸೊಬಗಿಗೆಂದು ಬಳಿಸಿದ ಬಣ್ಣವೇ ಒಳಗಿನ ಬೆಳಕಿಗೆ ಅಡ್ಡಿಯಾಗಿತ್ತೆಂಬುದು ಯಜಮಾನರ ಎದೆಗೆ ನಾಟಿತು. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ.

ದುರಸ್ತಿಯ ವಿಷಯದಲ್ಲಿ ಮನೆಯಲ್ಲಿ ಎರಡು ಮತಗಳೆದ್ದವು. ಹಳೆಯ ದೀಪಗಳನ್ನು ಕಿತ್ತೆಸೆದು ಎಲ್‌ಇಡಿಯ ಹೊಸ ದೀಪಗಳನ್ನೇ ಕೂರಿಸೋಣವೆಂದು ಮಗ ಹೇಳಿದ. ಹಳೆಯ ಕಾರುಗಳ ಅಭಿಮಾನಿಯಾದ ಮಿತ್ರರು ಒಂದು ತಿರುಪನ್ನೂ ಬದಲಿಸಬಾರದೆಂದರು. 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿತ್ತು. ಮಿತ್ರರ ಆಸೆ ಅದರ ಮೇಲಿತ್ತು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿತ್ತು. ತಂತು ಕಾದು ಪೂರ್ಣ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕು. ಎಲ್‌ಇಡಿ ತತ್‌ಕ್ಷಣ ಬೆಳಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುವವನಿಗೆ ಅಷ್ಟು ಕಾಲವೆಂದರೆ ಸುಮಾರು 2.8 ಮೀಟರ್, ಒಂದು ಸ್ಕೂಟರಿನ ಉದ್ದಕ್ಕಿಂತ ಹೆಚ್ಚು. ಇತ್ತ, ತಂದೆಯ ಕೈಯಾಡಿದ ವಸ್ತುವನ್ನು ಹಾಳುಗೆಡವುವ ಹಕ್ಕು ಮಗನಿಗಿದೆಯೇ ಎಂಬ ಪ್ರಶ್ನೆಯೂ ಸಣ್ಣದಲ್ಲ.

ವೃದ್ಧ ಕೆಲಸಗಾರರು ಮಧ್ಯಮ ಮಾರ್ಗ ತೋರಿಸಿದರು. ದೀಪದ ಕವಚ ಹಳೆಯದೇ ಇರಲಿ. ಬುಡದ ತುಕ್ಕನ್ನು ಲೋಹ ಕಾಣುವವರೆಗೆ ಉಜ್ಜಿದರು. ದೇಹವನ್ನು ನೆಚ್ಚಿಕೊಳ್ಳದೆ ಪ್ರತಿಯೊಂದು ದೀಪಕ್ಕೂ ಪ್ರತ್ಯೇಕ ಅರ್ಥಿಂಗ್ ತಂತಿ ಎಳೆದರು. ಹೋಲ್ಡರುಗಳನ್ನು ಬದಲಿಸಿದರು. ಪ್ರತಿಫಲಕಕ್ಕೆ ಬೆಳ್ಳಿ ಬಣ್ಣ ಬಳಿದರು. ಹೊಳೆಯುವ ಲೋಹದ ಹಾಳೆ ಅಂಟಿಸಿದರೆ ಅದು ಸಡಿಲಗೊಂಡು ವಿದ್ಯುತ್ ಬಿಂದುವಿಗೆ ತಗುಲೀತೆಂದು ಬೇಡವೆಂದರು. ಉಳಿದ ಕೆಂಪು ಹೊದಿಕೆಯನ್ನು ನೀರು ಹಾಕಿ ನುಣುಪು ಉಪ್ಪುಕಾಗದದಿಂದ ತಿಕ್ಕಿ ಪಾಲಿಶ್ ಮಾಡಿದರು. ಒಡೆದುದಕ್ಕೆ ಅದೇ ಮಾದರಿಯ ಹಳೆಯ ಹೊದಿಕೆಯೊಂದನ್ನು ಗುಜರಿಯಿಂದ ಹುಡುಕಿ ತಂದರು. ಒಳಗೆ ಅದೇ ಬುಡದ ಎಲ್‌ಇಡಿ ಬಲ್ಬುಗಳನ್ನು ಕೂರಿಸಿದರು. ಅದೂ ಕೆಂಪು ಬೆಳಕಿನದೇ, ಏಕೆಂದರೆ ಬಿಳಿಯ ಎಲ್‌ಇಡಿಯ ಬೆಳಕಿನ ಬಹುಭಾಗವನ್ನು ಕೆಂಪು ಹೊದಿಕೆ ತಡೆದುಬಿಡುತ್ತದೆ. ತಿರುವಿನ ಸಂಜ್ಞೆಗೆ ಮಾತ್ರ ಹಳೆಯ ಬಲ್ಬೇ ಉಳಿಯಿತು. ಹಳೆಯ ಫ್ಲಾಶರ್ ಬಲ್ಬು ಎಳೆಯುವ ವಿದ್ಯುತ್ತಿನ ಶಾಖದಿಂದ ಮಿಡಿಯುವಂಥದು, ಎಲ್‌ಇಡಿಯ ಅಲ್ಪ ವಿದ್ಯುತ್ತಿಗೆ ಅದು ಸರಿಯಾಗಿ ಮಿಡಿಯದು. ಕಳಚಿದ ಭಾಗಗಳನ್ನೆಲ್ಲ ಡಬ್ಬಿಯಲ್ಲಿಟ್ಟು ಚೀಟಿ ಬರೆದರು. ಮುಂದೆ ಯಾರಾದರೂ ಮೂಲರೂಪಕ್ಕೆ ತರಬಯಸಿದರೆ ಬಲ್ಬು, ತಂತಿ, ಹೋಲ್ಡರುಗಳೆಲ್ಲ ಒಂದೇ ಹಗಲಿನ ಕೆಲಸ.

ಕಾರು ಸರಿಹೋಯಿತು. ಆದರೆ ಲೆಕ್ಕ ಮುಗಿದಿರಲಿಲ್ಲ. ತನಗೆ ಸಲ್ಲಬೇಕಾಗಿರದ ಕ್ಷಮಾಯಾಚನೆಯೊಂದು ಅವರ ಖಾತೆಯಲ್ಲಿ ಜಮಾ ಆಗಿ ಕುಳಿತಿತ್ತು. ‘ಹೇಳದಿದ್ದರೆ ಯಾರಿಗೂ ತಿಳಿಯದು, ಹೇಳಿದರೆ ಕೋರ್ಟು ಕಚೇರಿ ಅಲೆಯಬೇಕಾದೀತು’ ಎಂದು ಹಿತೈಷಿಗಳು ಎಚ್ಚರಿಸಿದರು. ಆ ಮಾತು ಎರಡು ದಿನ ಅವರನ್ನು ತಡೆಯಿತೆಂಬುದನ್ನೂ ಇಲ್ಲಿ ಮರೆಮಾಚಬೇಕಿಲ್ಲ. ನಲವತ್ತು ವರ್ಷ ತಕ್ಕಡಿ ಹಿಡಿದವರು ಅವರು. ಗಿರಾಕಿ ಮರೆತು ಹೆಚ್ಚು ಕೊಟ್ಟ ಹಣವನ್ನು ಕರೆದು ಹಿಂದಿರುಗಿಸುವಾಗ ಅವರಿಗೆ ಎಂದೂ ಯೋಚನೆ ಬೇಕಾಗಿರಲಿಲ್ಲ. ಇದಕ್ಕೆ ಬೇಕಾಯಿತು.

ಮೂರನೆಯ ದಿನ ಹುಡುಗನ ಮನೆಗೆ ಹೋದರು. ದೀಪದ ಸಂಗತಿಯನ್ನು ಒಂದೂ ಬಿಡದೆ ತಂದೆಯ ಎದುರು ಹೇಳಿ, ‘ಅಂದು ನೀವು ಕೈ ಮುಗಿದಿರಿ, ಮುಗಿಯಬೇಕಾದವನು ನಾನು’ ಎಂದರು. ಆಸ್ಪತ್ರೆಯ ಖರ್ಚನ್ನೂ ಕೆಲಸ ತಪ್ಪಿದ ದಿನಗಳ ಸಂಬಳವನ್ನೂ ಮುಂದಿಟ್ಟರು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ‘ಆ ದಿನದಿಂದ ಇವನ್ನ ನಾನು ದಿನಾ ಬೈತಿದ್ದೆರಿ’ ಎಂದಷ್ಟೇ ಹೇಳಿ ಮಗನ ಕಡೆ ನೋಡಿದ. ಹುಡುಗ ಕೇಳಿದ್ದು ಬೇರೆ: ‘ಈಗ ದೀಪ ಸರಿ ಆಗ್ಯಾವೇನ್ರಿ, ಅಜ್ಜಾರ?’

ಕಾರು ಹೊರಗೇ ನಿಂತಿತ್ತು. ಮುಸ್ಸಂಜೆಯಾಗಿತ್ತು. ಹುಡುಗ ಊರುಗೋಲಿನ ಆಸರೆಯಲ್ಲಿ ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಂತ. ಯಜಮಾನರು ಒಳಗೆ ಕುಳಿತು ಬ್ರೇಕ್ ಒತ್ತಿದರು. ‘ಕಾಣಸ್ತದ್ರಿ’ ಎಂಬ ಕೂಗು ಕೇಳಿಸಿತು.

ಅಂದಿನಿಂದ ತಿಂಗಳಿಗೊಮ್ಮೆ ಮನೆಯವರಲ್ಲಿ ಯಾರಾದರೊಬ್ಬರು ಕಾರಿನ ಹಿಂದೆ ನಿಲ್ಲುವ ಪದ್ಧತಿ ಆ ಮನೆಯಲ್ಲಿ ಬಂದಿದೆ. ಮುಂದಿನ ದೀಪ ನಮ್ಮ ದಾರಿಗಾಗಿ ಇರುವುದು. ಅದು ಕೆಟ್ಟರೆ ನಮಗೇ ಮೊದಲು ತಿಳಿಯುತ್ತದೆ. ಹಿಂದಿನ ದೀಪ ಪರರ ಪ್ರಾಣಕ್ಕಾಗಿ ಇರುವುದು. ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಪರರ ಸ್ಥಾನದಲ್ಲಿ ನಿಂತೇ ನೋಡಬೇಕು, ಇಲ್ಲವೇ ಅವರನ್ನೇ ಕೇಳಬೇಕು.